ಲೀಲಾವತಿ ಏನೆಂದಳು?

ಲೀಲಾವತಿಯ ಕಥೆ ನಮ್ಮಲ್ಲಿ ಬಹಳ ಮಂದಿಗೆ ಗೊತ್ತು. ಮುಹೂರ್ತ ನೋಡುವ ಗಳಿಗೆಬಟ್ಟಲಿಗೆ ಒಡವೆಯ ಮುತ್ತು ಉದುರಿ ನೀರು ನಿಂತಿತು, ಮದುವೆ ತಪ್ಪಿತು, ಮಗಳ ದುಃಖ ಮರೆಸಲು ಭಾಸ್ಕರಾಚಾರ್ಯರು ಅವಳ ಹೆಸರಿನಲ್ಲಿ ಗಣಿತದ ಪುಸ್ತಕ ಬರೆದರು. ಆದರೆ 1150ರಲ್ಲಿ ರಚಿತವಾದ ಮೂಲಗ್ರಂಥದಲ್ಲಿ ಈ ಕಥೆಯೇ ಇಲ್ಲ. ಅದು ಸಿಗುವುದು 1587ರಲ್ಲಿ ಅಕ್ಬರನ ಆಸ್ಥಾನದ ಫೈಜಿ ಮಾಡಿದ ಪಾರಸಿ ಅನುವಾದದಲ್ಲಿ. ಮದುವೆ ತಪ್ಪಿದ ಹುಡುಗಿಗೆ ಸಮಾಧಾನಕ್ಕೊಂದು ಗಣಿತ! ಈ ಮಾತು ನಮಗೆ ಎಷ್ಟು ಸಲೀಸಾಗಿ ಒಗ್ಗಿಹೋಯಿತು ನೋಡಿ. ಅವಳಿಗೆ ಲೆಕ್ಕವೆಂದರೆ ಇಷ್ಟವೇ ಇದ್ದಿರಬಹುದೆಂದು ಯಾರಿಗೂ ತೋಚಲಿಲ್ಲ.

ಪುಸ್ತಕವನ್ನೇ ತೆರೆದರೆ ಬೇರೆ ಲೀಲಾವತಿ ಕಾಣುತ್ತಾಳೆ. ದುಂಬಿಗಳ ಹಿಂಡಿನಲ್ಲಿ ಐದರಲ್ಲೊಂದು ಪಾಲು ಕದಂಬದ ಹೂವಿಗೆ ಹೋಯಿತು. ಮೂರರಲ್ಲೊಂದು ಪಾಲು ಶಿಲೀಂಧ್ರದ ಹೂವಿಗೆ, ಇವೆರಡರ ವ್ಯತ್ಯಾಸದ ಮೂರರಷ್ಟು ಕುಟಜದ ಹೂವಿಗೆ. ಉಳಿದ ಒಂದೇ ದುಂಬಿ ಕೇದಗೆ, ಮಾಲತಿಗಳ ಪರಿಮಳದ ನಡುವೆ ಅತ್ತಿತ್ತ ಸುಳಿಯುತ್ತಿದೆ. ಒಟ್ಟು ದುಂಬಿಗಳೆಷ್ಟು? 15. ಮಕ್ಕಳನ್ನು ಹೆದರಿಸುವ ಭಿನ್ನರಾಶಿಗೆ ಇಷ್ಟು ಚೆಂದದ ಉಡುಗೆ ತೊಡಿಸಿದ ಪಠ್ಯಪುಸ್ತಕ ನಾನು ಇನ್ನೊಂದು ಕಂಡಿಲ್ಲ. ಇಲ್ಲಿನ ಹುಡುಗಿ ಅಳುತ್ತಾ ಕುಳಿತವಳಲ್ಲ. ಜಾಣೆಯೆಂದು ನಂಬಿ ಕೇಳಿದ ಪ್ರಶ್ನೆಗಳ ಎದುರು ಕುಳಿತವಳು.

ಆದರೂ ಒಂದು ಕೊರತೆ ನನ್ನನ್ನು ಕಾಡುತ್ತದೆ. ಕೇಳುವವರೂ ಆಚಾರ್ಯರೇ, ಉತ್ತರ ಹೇಳುವವರೂ ಆಚಾರ್ಯರೇ. ಲೀಲಾವತಿ ಎಲ್ಲಿ ತಡವರಿಸಿದಳು, ಯಾವ ದಾರಿ ಹಿಡಿದಳು, ತಿರುಗಿ ಏನು ಕೇಳಿದಳು? ಒಂದಕ್ಷರವೂ ಇಲ್ಲ. ಶಾಸ್ತ್ರಗ್ರಂಥದ ಕ್ರಮವೇ ಅದು, ಒಪ್ಪಿದೆ. ಆದರೆ ಮೊಮ್ಮಗ ಚಂಗದೇವ ಈ ವಿದ್ಯೆಯನ್ನು ಕಲಿಸಲು ಮಠ ಕಟ್ಟಿಸಿದನೆಂದು ಹೇಳುವ 1207ರ ಪಾಟಣದ ಶಾಸನದಲ್ಲಿಯೂ ಅಪ್ಪ ಮಹೇಶ್ವರ, ಮಗ ಲಕ್ಷ್ಮೀಧರ ಸಿಗುತ್ತಾರೆ, ಲೀಲಾವತಿ ಸಿಗುವುದಿಲ್ಲ.

ಈ ಕೊರತೆ ನನ್ನ ಕಣ್ಣಿಗೆ ಬಿದ್ದದ್ದು ಪಾಂಡಿತ್ಯದಿಂದಲ್ಲ, ಕೆಲಸದಿಂದ. ಬಿ.ಎ., ಬಿ.ಎಡ್. ಮಾಡಿ ಬಂದ ನನಗೆ, ಗಣಿತದ ಮೇಷ್ಟರಿಲ್ಲವೆಂದು ಏಳನೆಯ ತರಗತಿಯ ಗಣಿತವನ್ನು ಒಪ್ಪಿಸಿದ್ದರು. ತರಬೇತಿಗಳಿಗೂ ಕಳಿಸಿದರು. ಅಲ್ಲಿಯೂ ಹೇಳುವವರು ಒಬ್ಬರು, ಬರೆದುಕೊಳ್ಳುವವರು ನಾವೆಲ್ಲ. ನನ್ನನ್ನು ಗಣಿತದ ಟೀಚರನ್ನಾಗಿ ಮಾಡಿದವರು ಶಾಲೆಯಲ್ಲಿದ್ದ ಹಿರಿಯ ಮೇಡಂ ಒಬ್ಬರು. ವಾರಕ್ಕೊಂದು ದಿನ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಬಂದು ಕೂರುವರು. ಸಂಜೆ ನನ್ನ ಪಾಠದ ಮಾತೇ ಇಲ್ಲ. "ಇವತ್ತು ಮಕ್ಕಳು ಏನಂದರಮ್ಮ?" ಎಂದಷ್ಟೇ ಕೇಳುವರು. ಆ ಒಂದು ಪ್ರಶ್ನೆಗೆ ಉತ್ತರ ಕೊಡಬೇಕಲ್ಲ ಎಂದು ನಾನು ಮಕ್ಕಳ ಮಾತಿಗೆ ಕಿವಿಗೊಡಲು ಕಲಿತೆ.

ದುಂಬಿಯ ಲೆಕ್ಕ ಕೊಟ್ಟ ದಿನ ಹುಡುಗಿಯೊಬ್ಬಳು ಹುಣಸೆಬೀಜ ಹರಡಿಕೊಂಡು ಕೂತಿದ್ದಳು. "ಐದರಿಂದಲೂ ಭಾಗ ಹೋಗಬೇಕು, ಮೂರರಿಂದಲೂ ಹೋಗಬೇಕಲ್ಲ ಮಿಸ್, ಅದಕ್ಕೇ ಮೊದಲು ಹದಿನೈದು ಬೀಜ ಇಟ್ಟುಕೊಂಡೆ" ಎಂದಳು. ಅನುಕೂಲವಾದ ಸಂಖ್ಯೆಯೊಂದನ್ನು ಹಿಡಿದು ಹೊರಡುವುದಕ್ಕೆ ಭಾಸ್ಕರಾಚಾರ್ಯರು ಇಷ್ಟಕರ್ಮವೆನ್ನುತ್ತಾರೆ. ಹೆಸರು ತಿಳಿಯದೆಯೇ ಹುಡುಗಿ ಅಲ್ಲಿಗೆ ಮುಟ್ಟಿದ್ದಳು! ಸೂತ್ರದ ಹೆಸರನ್ನು ಹಲಗೆಯ ಮೇಲೆ ಬರೆಯಲು ನನಗೆ ಆತುರ. ಮೇಡಂ ತಡೆದರು: "ಹೆಸರು ಆಮೇಲೆ. ಅವಳ ಮಾತಿನಲ್ಲೇ ಇನ್ನೊಂದು ಸಲ ಎಲ್ಲರಿಗೂ ಹೇಳಲಿ. 1918ರಲ್ಲೇ ಕನ್ನಡದಲ್ಲಿ 'ವಿಜ್ಞಾನ' ಪತ್ರಿಕೆ ತಂದ ಬೆಳ್ಳಾವೆ ವೆಂಕಟನಾರಣಪ್ಪನವರ ಊರಮ್ಮ ಇದು!"

ಗುರು ಎಂದರೆ ಉತ್ತರ ಬಲ್ಲವರು ಎಂದು ನಾವು ತಿಳಿದಿದ್ದೇವೆ. ಆ ಅರ್ಥದಲ್ಲಿ ಭಾಸ್ಕರಾಚಾರ್ಯರನ್ನು ಮೀರಿಸಿದವರು ಅಪರೂಪ. ಆದರೆ ಕಲಿಯುವವಳ ಉತ್ತರಕ್ಕೆ ಪುಸ್ತಕದಲ್ಲಿ ಜಾಗವಿಲ್ಲದಿದ್ದರೆ, ಆ ಜಾಗವನ್ನು ತರಗತಿಯಲ್ಲಿ ನಾವು ಮಾಡಿಕೊಡಬೇಕು, ಹೊಸದಾಗಿ ಕೆಲಸಕ್ಕೆ ಬಂದ ಟೀಚರಿಗೂ ಮಾಡಿಕೊಡಬೇಕು. ಈಗ ಚಿಕ್ಕ ವಯಸ್ಸಿನ ಸಹೋದ್ಯೋಗಿಗಳ ತರಗತಿಯಲ್ಲಿ ಕೊನೆಯ ಬೆಂಚು ನನ್ನದು.

ನೀವೂ ಮನೆಯಲ್ಲಿ ಮಗಳು ಲೆಕ್ಕ ಮಾಡುವಾಗ ಸರಿಯೋ ತಪ್ಪೋ ಎಂದು ನೋಡುವ ಮೊದಲು, ಹೇಗೆ ಮಾಡಿದೆ ಹೇಳು ಎಂದು ಕೇಳಿ. ಒಲೆಯ ಮೇಲಿನ ಹಾಲು ಒಂದು ನಿಮಿಷ ಕಾಯುತ್ತದೆ.