ಬಾಲಬೋಧೆಯಲ್ಲಿ ಎರಡು ಭಾರತಗಳು

ಯಾವ ಶಾಸ್ತ್ರವನ್ನು ಆರಂಭಿಸುವಾಗಲೂ ಮೊದಲು ವಿಚಾರಿಸತಕ್ಕವು ನಾಲ್ಕು: ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ. ಇವಕ್ಕೆ ಅನುಬಂಧಚತುಷ್ಟಯವೆಂದು ಹೆಸರು. ಮಕ್ಕಳಿಗೆ ನಮ್ಮ ಸಂಸ್ಕೃತಿಯನ್ನೂ ಪರಂಪರೆಯನ್ನೂ ಬೋಧಿಸಬೇಕೆಂಬ ಮಾತು ಈಗ ಎಲ್ಲೆಡೆಯಲ್ಲಿಯೂ ಕೇಳಿಬರುತ್ತಿದೆ. ಆ ಮಾತಿನಲ್ಲಿ ವಿಷಯದ ವರ್ಣನೆಯುಂಟು, ಪ್ರಯೋಜನದ ಪ್ರಶಂಸೆಯೂ ಉಂಟು. ಆದರೆ ಅಧಿಕಾರಿಯ, ಎಂದರೆ ಕೇಳುವ ಮಗುವಿನ, ವಿಚಾರವನ್ನು ಮಾಡಿದವರು ವಿರಳ. ಈ ಲೋಪವು ಕೇವಲ ಪರರದಲ್ಲ. ನನ್ನದೂ ಹೌದೆಂಬುದನ್ನು ಒಂದು ಪ್ರಸಂಗದಿಂದ ತಿಳಿಸುವೆನು.

ಕೆಲವು ವರ್ಷಗಳ ಹಿಂದೆ ಅಣ್ಣಿಗೇರಿಯ ಸುತ್ತಿನ ಹಳ್ಳಿಯೊಂದರ ಶಾಲೆಯಲ್ಲಿ ಮಕ್ಕಳಿಗೆ ಪಂಪನ ಕಥೆಯನ್ನು ಹೇಳೆಂದು ಕರೆ ಬಂದಿತ್ತು. ವಿಕ್ರಮಾರ್ಜುನವಿಜಯದ ಸ್ವಯಂವರವನ್ನು ಹೇಳಿ, ದ್ರೌಪದಿಯು ಅರ್ಜುನನೊಬ್ಬನನ್ನೇ ವರಿಸಿದಳೆಂದು ಮುಗಿಸಿದೆನು. ಏಳನೆಯ ಇಯತ್ತೆಯ ಹುಡುಗಿಯೊಬ್ಬಳು ಎದ್ದುನಿಂತು, “ಗುರುಗಳ, ನಮ್ಮೂರ ದೊಡ್ಡಾಟದಾಗ ದ್ರೌಪದಿಗೆ ಐದು ಮಂದಿ ಗಂಡಂದಿರು. ನೀವು ಒಬ್ಬನ ಅಂತೀರಿ. ಖರೇ ಯಾವುದ್ರೀ?” ಎಂದು ಕೇಳಿದಳು. ಉಳಿದ ಮಕ್ಕಳು ನಕ್ಕರು. ನಾನು, “ದೊಡ್ಡಾಕಿ ಆದ ಮ್ಯಾಲೆ ತಿಳಿತದ, ಕೂಡವಾ” ಎಂದೆನು. ಹುಡುಗಿ ಕುಳಿತಳು. ಮುಂದೆ ಆ ತರಗತಿಯಲ್ಲಿ ಯಾರೂ ಏನನ್ನೂ ಕೇಳಲಿಲ್ಲ. ಅಂದಿನ ನನ್ನ ಪಾಠವು ಅಲ್ಲಿಗೇ ಕೆಟ್ಟಿತೆಂಬುದು ಹಿಂದಿರುಗುವ ದಾರಿಯಲ್ಲಿ ನನಗೆ ತಿಳಿಯಿತು.

ಆ ಪ್ರಶ್ನೆಯು ಹುಟ್ಟಿದ ನೆಲವನ್ನು ವಾಚಕರು ನೆನೆಯಬೇಕು. ಹಿಂದೆ ನವಲಗುಂದ ತಾಲೂಕಿಗೆ ಸೇರಿದ್ದು ಈಗ ತಾನೇ ತಾಲೂಕಾಗಿರುವ ಅಣ್ಣಿಗೇರಿಯು ಪಂಪನ ತಾಯಿ ಅಬ್ಬಣಬ್ಬೆಯ ತವರೂರು. ಅದೇ ಧಾರವಾಡ ಜಿಲ್ಲೆಯ ಕೋಳಿವಾಡವು ಕುಮಾರವ್ಯಾಸನ ಊರೆಂದು ಪರಂಪರೆಯು ಹೇಳುತ್ತದೆ. ಅವನು ಕಾವ್ಯ ರಚಿಸಿದನೆನ್ನುವ ವೀರನಾರಾಯಣನ ಗುಡಿಯಿರುವ ಗದಗವೂ 1997ರ ವರೆಗೆ ಈ ಜಿಲ್ಲೆಯದೇ ಆಗಿದ್ದಿತು. ಕನ್ನಡದ ಎರಡು ಮಹಾಭಾರತಗಳ ಕವಿಗಳ ಸ್ಮರಣೆಯು ಹೀಗೆ ಒಂದೇ ಕರಿಮಣ್ಣಿನ ಸೀಮೆಯಲ್ಲಿ ನೆಲೆಗೊಂಡಿದೆ. ಇಲ್ಲಿಯ ಮಗುವು ಅಕ್ಷರ ಕಲಿಯುವ ಮೊದಲೇ ಪುರಾಣವನ್ನು ಕಂಡಿರುತ್ತದೆ. ಕಲಘಟಗಿಯ ಬಣ್ಣದ ತೊಟ್ಟಿಲಿನ ಹಲಗೆಗಳ ಮೇಲೆ ದೇವರ ಕಥೆಗಳಿರುವುವು. ದೊಡ್ಡಾಟದಲ್ಲಿ ಭೀಮ ದುಶ್ಶಾಸನರು ರಾತ್ರಿಯೆಲ್ಲ ಕುಣಿಯುವರು. ಇಂತಹ ಅಧಿಕಾರಿಯನ್ನು ಏನೂ ತಿಳಿಯದ ಖಾಲಿ ಪಾಟಿಯೆಂದು ಭಾವಿಸಿದುದೇ ನನ್ನ ಮೊದಲನೆಯ ತಪ್ಪು.

ಎರಡನೆಯ ತಪ್ಪು ಇನ್ನೂ ದೊಡ್ಡದು. ಆ ಹುಡುಗಿಯ ಪ್ರಶ್ನೆಯು ಪರಂಪರೆಯ ಹೊರಗಿನದೆಂದು ನಾನು ವರ್ತಿಸಿದೆನು. ವಾಸ್ತವದಲ್ಲಿ ಅದು ದ್ರುಪದನ ಪ್ರಶ್ನೆಯೇ ಆಗಿದೆ. ವ್ಯಾಸಭಾರತದ ಆದಿಪರ್ವದಲ್ಲಿ ಐವರೂ ಮದುವೆಯಾಗುವರೆಂಬ ಮಾತು ಬಂದಾಗ, ಒಬ್ಬನಿಗೆ ಹಲವು ಪತ್ನಿಯರಿರುವುದನ್ನು ಕೇಳಿದ್ದೇನೆ, ಒಬ್ಬಳಿಗೆ ಹಲವು ಪತಿಗಳೆಂಬುದನ್ನು ಕೇಳಿಲ್ಲ ಎಂದು ದ್ರುಪದನು ತಡೆಯುತ್ತಾನೆ. ಧೃಷ್ಟದ್ಯುಮ್ನನೂ ಆಕ್ಷೇಪಿಸುತ್ತಾನೆ. ಧರ್ಮವು ಸೂಕ್ಷ್ಮವೆಂದೂ ತಾಯಿಯ ಮಾತನ್ನು ಮೀರಲಾಗದೆಂದೂ ಯುಧಿಷ್ಠಿರನು ಹೇಳಿ, ಏಳು ಋಷಿಗಳನ್ನು ವರಿಸಿದ ಜಟಿಲೆಯ ಪೂರ್ವಕಥೆಯನ್ನು ಪ್ರಮಾಣವಾಗಿ ಕೊಡುತ್ತಾನೆ. ಕೊನೆಗೆ ವ್ಯಾಸನೇ ಬಂದು ರಾಜನನ್ನು ಏಕಾಂತಕ್ಕೆ ಕರೆದು ಪಂಚೇಂದ್ರರ ಕಥೆಯನ್ನು ಹೇಳಬೇಕಾಯಿತು. ಯಾರೂ ದ್ರುಪದನಿಗೆ ಸುಮ್ಮನೆ ಕೂಡೆಂದು ಹೇಳಲಿಲ್ಲ. ಮೂಲಗ್ರಂಥವೇ ಪ್ರಶ್ನೆಗೆ ಸಭೆಯಲ್ಲಿ ಪೀಠ ಕೊಟ್ಟಿರುವಾಗ, ಅದನ್ನು ಶಾಲೆಯಲ್ಲಿ ನಿಲ್ಲಿಸುವ ಅಧಿಕಾರವು ನಮಗೆಲ್ಲಿಯದು?

ಇನ್ನು ಕಾವ್ಯಗಳ ವಿಚಾರ. ಪಂಪನು ತನ್ನ ಭಾರತವನ್ನು 941ರಲ್ಲಿ ವೇಮುಲವಾಡದ ಚಾಳುಕ್ಯ ಅರಿಕೇಸರಿಯ ಆಶ್ರಯದಲ್ಲಿ ರಚಿಸಿದನು. ಅವನ ಕಾವ್ಯದಲ್ಲಿ ಅರ್ಜುನನೂ ಅರಿಕೇಸರಿಯೂ ಒಬ್ಬನೇ. ಆಳುವ ಅರಸನನ್ನೇ ನಾಯಕನನ್ನಾಗಿ ಮಾಡಿದ ಮೇಲೆ ಅವನ ಪತ್ನಿಯನ್ನು ಐವರಿಗೆ ಹಂಚುವುದು ಔಚಿತ್ಯಕ್ಕೆ ವಿರುದ್ಧವಾಗುತ್ತಿತ್ತು. ಆದುದರಿಂದ ದ್ರೌಪದಿಯು ಒಬ್ಬನ ಸತಿಯಾದಳು. ಆದರೆ ಕಥೆಯ ಒಂದು ಎಳೆಯನ್ನು ಎಳೆದರೆ ಇನ್ನೊಂದು ಬಿಗಿಯುವುದು. ಭಟ್ಟನಾರಾಯಣನ ವೇಣೀಸಂಹಾರದ ದಾರಿಯಲ್ಲಿ, ಸಭೆಯಲ್ಲಿ ಉಗ್ರಪ್ರತಿಜ್ಞೆ ಮಾಡುವವನೂ, ದುಶ್ಶಾಸನನನ್ನು ಕೊಂದು ದ್ರೌಪದಿಯ ಮುಡಿಯನ್ನು ಕಟ್ಟುವವನೂ ಪಂಪನಲ್ಲಿ ಭೀಮನೇ. ಪತಿಗಳಲ್ಲೊಬ್ಬನಾಗಿದ್ದಾಗ ಸಹಜವಾಗಿದ್ದ ಆ ಕ್ರೋಧವು, ಅವನು ಕೇವಲ ಗಂಡನ ಅಣ್ಣನಾದಾಗ ಸ್ವಲ್ಪ ತಬ್ಬಿಬ್ಬಾಗುವುದು; ಪತಿಯಾದ ಅರ್ಜುನನ ಸಂಯಮವೂ ಸಮಾಧಾನವನ್ನು ಬೇಡುವುದು. ಕೊನೆಯ ಪಟ್ಟಾಭಿಷೇಕದಲ್ಲಿ ಅರ್ಜುನನ ಪಕ್ಕದಲ್ಲಿರುವವಳು ಸುಭದ್ರೆ. ಒಬ್ಬನಿಗೇ ಮೀಸಲಾದ ದ್ರೌಪದಿಗೆ ಆ ಒಬ್ಬನ ಸಿಂಹಾಸನದ ಪಾಲೂ ದೊರೆಯಲಿಲ್ಲ. ಇದು ಪಂಪನ ಕವಿತ್ವಕ್ಕೆ ಕುಂದೆಂದು ಹೇಳುತ್ತಿಲ್ಲ. ದುರ್ಯೋಧನನ ಛಲವನ್ನೂ ಕರ್ಣನ ಸತ್ಯವನ್ನೂ ಎದುರುಪಕ್ಷದವೆಂದು ಮರೆಮಾಡದೆ ಮೆಚ್ಚಿ ನುಡಿದ ಮಹಾಕವಿ ಅವನು. ಮಾರ್ಪಾಡಿಗೆ ಬೆಲೆಯುಂಟೆಂಬುದಷ್ಟೇ ನನ್ನ ಅಭಿಪ್ರಾಯ.

ಹದಿನೈದನೆಯ ಶತಮಾನದ ಕುಮಾರವ್ಯಾಸನಿಗೆ ಅರಸನ ಹಂಗಿಲ್ಲ. ಅವನ ನಾಯಕನು ಶ್ರೀಕೃಷ್ಣ. ಆದುದರಿಂದ ಐವರು ಪತಿಗಳ ಕಥೆಯನ್ನು ಮರೆಮಾಡಲು ಅವನಿಗೆ ಕಾರಣವಿರಲಿಲ್ಲ. ಅಷ್ಟೇ ಅಲ್ಲ, ಅವನ ಕರುಣರಸದ ಒಂದು ಮೂಲವೇ ಅದು. ವಿರಾಟಪರ್ವದಲ್ಲಿ ಕೀಚಕನಿಂದ ಅಪಮಾನಿತಳಾದ ದ್ರೌಪದಿಯು ಯಾರಲ್ಲಿ ದೂರಲಿ ಎಂದು ಒಬ್ಬೊಬ್ಬ ಪತಿಯನ್ನೂ ಮನದಲ್ಲಿ ತೂಗಿ, ಕೊನೆಗೆ ಭೀಮನಿರುವ ಅಡಿಗೆಯ ಮನೆಗೆ ನಡುರಾತ್ರಿಯಲ್ಲಿ ಹೋಗುವಳು. ಐವರಿದ್ದೂ ಅನಾಥೆ ಎಂಬ ಆ ದುಃಖವು ಏಕಪತಿಯ ಕಥೆಯಲ್ಲಿ ಹುಟ್ಟಲಾರದು. ಹಾಗೆಯೇ ಪಂಪನ ವೀರರಸದ ಏಕಾಗ್ರತೆಯು ಕುಮಾರವ್ಯಾಸನಲ್ಲಿ ಇರಲಾರದು. ಇವೆರಡನ್ನೂ ಬಲ್ಲವನಿಗೆ ‘ಖರೇ ಯಾವುದು’ ಎಂಬ ಪ್ರಶ್ನೆಯು ‘ಯಾರು, ಯಾರಿಗಾಗಿ, ಏಕೆ ಹೀಗೆ ಹೇಳಿದರು’ ಎಂಬ ಪ್ರಶ್ನೆಯಾಗಿ ಬೆಳೆಯುವುದು. ಸಾಹಿತ್ಯವಿಮರ್ಶೆಯ ಆರಂಭವೇ ಇದು.

ಇಲ್ಲಿ ಪೂರ್ವಪಕ್ಷವೊಂದುಂಟು. ಎಳೆಯ ಮಕ್ಕಳಿಗೆ ಪಾಠಾಂತರಗಳನ್ನು ಹೇಳಿದರೆ ಬುದ್ಧಿಯು ಗೊಂದಲಗೊಂಡು ಶ್ರದ್ಧೆಯು ಸಡಿಲವಾಗುವುದು. ಮೊದಲು ಒಂದೇ ಕಥೆ ದೃಢವಾಗಲಿ, ಭೇದಗಳನ್ನು ಕಾಲೇಜಿನಲ್ಲಿ ತಿಳಿಯಲಿ ಎಂಬುದು. ಮಕ್ಕಳಿಗಾಗಿ ಬರೆದ ಎಷ್ಟೋ ಭಾರತಸಂಗ್ರಹಗಳು ಈ ಮತವನ್ನೇ ಅನುಸರಿಸಿ, ವ್ಯಾಸನಿಂದ ಒಂದು ತುಂಡು, ಪಂಪನಿಂದ ಒಂದು ತುಂಡು, ಕುಮಾರವ್ಯಾಸನಿಂದ ಇನ್ನೊಂದು ತುಂಡು ತೆಗೆದು, ಯಾರ ಹೆಸರನ್ನೂ ಹೇಳದೆ ಹೊಲಿದ ಕೌದಿಯಂತಿವೆ. ಕೌದಿಯಲ್ಲಿ ದೋಷವಿಲ್ಲ, ನಮ್ಮ ಸೀಮೆಯ ಮನೆಮನೆಯಲ್ಲಿಯೂ ಅದು ಉಂಟು. ಆದರೆ ಕೌದಿಯನ್ನು ಹೊಲಿದ ಅಜ್ಜಿಯು ಇದು ಯಾರ ಸೀರೆಯ ತುಂಡು ಎಂಬುದನ್ನು ಹೇಳಬಲ್ಲಳು. ಸಂಗ್ರಹಕಾರರು ಹೇಳಲೊಲ್ಲರು.

ಇದಕ್ಕೆ ಸಮಾಧಾನವೇನೆಂದರೆ, ಅತಿ ಚಿಕ್ಕ ಮಗುವಿಗೆ ಒಂದೇ ಕಥೆಯನ್ನು ಹೇಳುವುದು ಯುಕ್ತವೇ. ಆದರೆ ಮಗುವೇ ಎರಡನೆಯದನ್ನು ತಂದು ಎದುರಿಗಿಟ್ಟ ಮೇಲೆ ಒಂದೇ ಇದೆಯೆಂದು ಸಾಧಿಸುವುದು ಅಸತ್ಯ. ಗೊಂದಲವು ಭೇದದಿಂದ ಹುಟ್ಟುವುದಿಲ್ಲ; ಭೇದವನ್ನು ಬಚ್ಚಿಡುವುದರಿಂದ ಹುಟ್ಟುವುದು. ಗುರುವು ಒಂದನ್ನು ಬಚ್ಚಿಟ್ಟನೆಂದು ಕಂಡ ಮಗುವು, ಅವನು ಹೇಳಿದ ಉಳಿದುದನ್ನೂ ನಂಬಲಾರದು. ಪಾಠಶಾಲೆಗಳಲ್ಲಿ ನಾವು ಪೂರ್ವಪಕ್ಷವನ್ನು ಪೂರ್ಣವಾಗಿ ಹೇಳದೆ ಸಿದ್ಧಾಂತಕ್ಕೆ ಹೋಗುತ್ತಿರಲಿಲ್ಲ. ಪ್ರತಿವಾದಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಬಲ್ಲವನೇ ಪಂಡಿತನೆನಿಸಿಕೊಳ್ಳುತ್ತಿದ್ದನು. ನಮ್ಮ ಪರಂಪರೆಯೆಂದು ಮಕ್ಕಳಿಗೆ ಕೊಡತಕ್ಕದ್ದು ಈ ಕ್ರಮವನ್ನು. ಸಿದ್ಧಾಂತಗಳ ಪಟ್ಟಿಯನ್ನು ಮಾತ್ರ ಕೊಟ್ಟರೆ ಫಲವನ್ನು ಕೊಟ್ಟು ಬೀಜವನ್ನು ಕಿತ್ತಿಟ್ಟಂತಾಗುವುದು.

ಊರಿನ ಅಭಿಮಾನಕ್ಕೂ ಇದೇ ನ್ಯಾಯವು ಸಲ್ಲಬೇಕು. ಅಣ್ಣಿಗೇರಿಯ ಮಕ್ಕಳಿಗೆ ‘ಪಂಪನು ಇಲ್ಲಿ ಹುಟ್ಟಿದನು’ ಎಂದು ಬಾಯಿಪಾಠ ಮಾಡಿಸುವುದು ಸುಲಭ. ನಮಗಿರುವ ಪ್ರಮಾಣವೇನು? ತೆಲಂಗಾಣದ ಕರೀಂನಗರ ಸೀಮೆಯ ಕುರ್ಕ್ಯಾಲದಲ್ಲಿ ಪಂಪನ ತಮ್ಮ ಜಿನವಲ್ಲಭನು ಬಂಡೆಯ ಮೇಲೆ ಬರೆಯಿಸಿದ ಶಾಸನ. ಅದರಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ. ತಂದೆ ಭೀಮಪಯ್ಯನ ವಂಶವು ವೆಂಗಿಮಂಡಲದ್ದೆಂದೂ, ತಾಯಿ ಅಬ್ಬಣಬ್ಬೆಯು ಅಣ್ಣಿಗೇರಿಯ ಜೋಯಿಸ ಸಿಂಘನ ಮನೆತನದವಳೆಂದೂ ಅದು ತಿಳಿಸುತ್ತದೆ. ಪಂಪನು ಅಣ್ಣಿಗೇರಿಯಲ್ಲಿ ಹುಟ್ಟಿದನೆಂಬುದು ಇದರಿಂದ ಮಾಡುವ ಊಹೆ. ಅಸಂಭವವಲ್ಲ, ಆದರೂ ಊಹೆಯೇ. ಶಾಸನವು ಹೇಳುವುದಿಷ್ಟು, ನಾವು ಸೇರಿಸಿದುದಿಷ್ಟು ಎಂದು ಬಿಡಿಸಿ ಹೇಳಿದರೆ ಮಗುವಿನ ಅಭಿಮಾನವು ಕುಗ್ಗುವುದೆ? ನನ್ನ ಅಲ್ಪಮತಿಗೆ ಹಾಗೆ ತೋರುವುದಿಲ್ಲ. ತನ್ನೂರ ಮಗಳೊಬ್ಬಳ ಹೆಸರು ಅಷ್ಟು ದೂರದ ಬಂಡೆಯ ಮೇಲೆ, ಮೂರು ಭಾಷೆಗಳ ನಡುವೆ, ಸಾವಿರ ವರ್ಷ ಉಳಿದಿದೆಯೆಂಬ ಸಂಗತಿಯು ಯಾವ ಉತ್ಪ್ರೇಕ್ಷೆಗಿಂತಲೂ ಹೆಚ್ಚು ಮನಸ್ಸನ್ನು ಹಿಡಿಯುವಂಥದು. ಜೊತೆಗೆ, ಕನ್ನಡದ ಆದಿಕವಿಯೆಂದು ನಾವು ಕೊಂಡಾಡುವವನು ಎರಡು ಸೀಮೆಗಳ ಸಂತಾನವೆಂಬುದೂ, ವೈದಿಕ ವಂಶದಲ್ಲಿ ಹುಟ್ಟಿದ ಅವನ ತಂದೆ ಜೈನಧರ್ಮವನ್ನು ಸ್ವೀಕರಿಸಿದನೆಂಬುದೂ ಮಗುವಿಗೆ ತಿಳಿಯುವುದು.

ಆದುದರಿಂದ ಬೋಧಕರಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ಕಥೆಯನ್ನು ಹೇಳುವಾಗ ಕವಿಯ ಹೆಸರನ್ನು ಹೇಳಿರಿ. ಮಗುವು ಮನೆಯಿಂದಲೂ ಆಟದಿಂದಲೂ ತಂದ ಕಥೆಯನ್ನು ಮೊದಲು ಕೇಳಿರಿ. ಭೇದ ಕಂಡಲ್ಲಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕಾರಣವನ್ನು ವಿಚಾರಿಸಿರಿ. ತಿಳಿಯದಿದ್ದಲ್ಲಿ ತಿಳಿಯದೆಂದು ಹೇಳಿರಿ.

ಆ ಶಾಲೆಗೆ ಮರುವರ್ಷ ನಾನಾಗಿಯೇ ಹೋದೆನು. ಹುಡುಗಿಯು ಏಳನೆಯ ಇಯತ್ತೆ ಮುಗಿಸಿ ಬೇರೆ ಊರಿನ ಶಾಲೆಗೆ ಸೇರಿದ್ದಳು. ಉಳಿದ ಮಕ್ಕಳಿಗೆ ಎರಡು ಭಾರತಗಳನ್ನೂ ಹೇಳಿ ಬಂದೆನು. ಅವಳಿಗೆ ಸಲ್ಲಬೇಕಾದ ಉತ್ತರವು ಹಾಗೆಯೇ ಉಳಿದಿದೆ. ಮೇಲೆ ಹೇಳಿದುದರಲ್ಲಿ ಯುಕ್ತಾಯುಕ್ತಗಳನ್ನು ಸಹೃದಯರು ವಿಚಾರಿಸತಕ್ಕದ್ದು.