ಉದ್ಧಾರದ ಭಾಷೆ ಯಾರದು?

ಹೆಣ್ಣುಮಕ್ಕಳ ಉದ್ಧಾರದ ಬಗ್ಗೆ ಬರೆಯುವವರಿಗೆ ಈ ನಾಡಿನಲ್ಲಿ ಎಂದೂ ಬರಗಾಲ ಬಂದಿಲ್ಲ. ಒಂದು ಕಾಲಕ್ಕೆ 'ಸ್ತ್ರೀ ಸುಧಾರಣೆ' ಅಂದರು, ಆಮೇಲೆ 'ಮಹಿಳಾ ಕಲ್ಯಾಣ' ಅಂದರು, ಈಗ 'ಸಬಲೀಕರಣ' ಅನ್ನುತ್ತಾರೆ. ಪದ ಬದಲಾಯಿತು, ಪದ ಆಡುವ ಬಾಯಿ ಮಾತ್ರ ಬದಲಾಗಲಿಲ್ಲ. ಸ್ವಯಂಸೇವಾ ಸಂಸ್ಥೆಗಳ ವಾರ್ಷಿಕ ವರದಿ, ಕಂಪನಿಗಳ ಬಣ್ಣದ ಪುಸ್ತಿಕೆ, ಮಹಿಳಾ ದಿನದ ವಿಶೇಷಾಂಕ ಇವೆಲ್ಲ ಸೇರಿ ಈಗ ಒಂದು ಸಾಹಿತ್ಯ ಪ್ರಕಾರವೇ ಬೆಳೆದು ನಿಂತಿದೆ. ಇದನ್ನು ಯಾರೂ ಸಾಹಿತ್ಯ ಅಂತ ಎಣಿಸುವುದಿಲ್ಲ, ಹಾಗಾಗಿ ವಿಮರ್ಶೆಯೂ ಇಲ್ಲ. ಆದರೆ ಯಾವ ಸಂಸ್ಥೆಗೆ ಹಣ ಹೋಗಬೇಕು, ಯಾರನ್ನು ನಾಯಕಿ ಅಂತ ಕರೆಯಬೇಕು, ಕೇರಿಯ ಹುಡುಗಿ ತನ್ನನ್ನು ತಾನು ಹೇಗೆ ನೋಡಿಕೊಳ್ಳಬೇಕು ಎಂಬುದನ್ನು ತೀರ್ಮಾನಿಸುತ್ತಿರುವುದು ಈ ಬರಹಗಳೇ. ಇವನ್ನು ವಿಮರ್ಶೆಯ ಕಟಕಟೆಗೆ ತರಲೇಬೇಕಾಗಿದೆ.

ಈ ಕಥೆಗಳ ಅಚ್ಚು ಒಂದೇ. ಹುಡುಗಿ ಬಡವಿ. ಅವಳ ಅಪ್ಪ ಕುಡುಕ ಅಥವಾ ಸತ್ತಿದ್ದಾನೆ. ಮದುವೆ ಮಾಡಿಬಿಡೋಣ ಅಂತ ಮನೆಯವರು ಹೊರಟಿರುತ್ತಾರೆ. ಅಷ್ಟರಲ್ಲಿ ಊರ ಹೊರಗಿಂದ ಒಬ್ಬ ಅಕ್ಕ ಬರುತ್ತಾರೆ, ಸೈಕಲ್ಲೋ ಸ್ಕಾಲರ್‌ಶಿಪ್ಪೋ ಕೊಡುತ್ತಾರೆ. ಹುಡುಗಿ ಪಾಸಾಗುತ್ತಾಳೆ. ಕೊನೆಯಲ್ಲಿ ಅವಳ ನಗುಮುಖದ ಫೋಟೋ. ಇಡೀ ಕಥೆಯಲ್ಲಿ ಜಾತಿ ಎಂಬ ಶಬ್ದವೇ ಇಲ್ಲ. ಭೂಮಿ ಯಾರದು, ಕೂಲಿ ಎಷ್ಟು, ಅಪ್ಪ ಯಾಕೆ ಕುಡಿದ, ಸಾಲ ಕೊಟ್ಟವನು ಯಾರು? ಇಲ್ಲ. ಬಡತನ ಅನ್ನುವುದು ಮಳೆಯ ಹಾಗೆ ಆಕಾಶದಿಂದ ಬಿದ್ದದ್ದು! ಅವಳ ತಾಯಿ ಕಥೆಗೆ ಬಂದರೂ ಅಳುವುದಕ್ಕೆ ಮಾತ್ರ ಬರುತ್ತಾಳೆ. ಅವಳು ಹಗಲೆಲ್ಲ ಕಳೆ ಕಿತ್ತು ಮಗಳ ನೋಟ್‌ಬುಕ್ಕಿಗೆ ಕಾಸು ಕೂಡಿಸಿದ್ದು 'ನಾಯಕತ್ವ' ಅಂತ ಯಾರಿಗೂ ಕಾಣುವುದಿಲ್ಲ.

ಇದನ್ನು ಅಳೆಯುವುದಕ್ಕೆ ನಮಗೆ ವಿದೇಶದ ಮಾನದಂಡ ಬೇಕಿಲ್ಲ. ನೂರ ಎಪ್ಪತ್ತು ವರ್ಷಗಳ ಹಿಂದೆ ಪುಣೆಯ ಒಬ್ಬ ಶಾಲಾ ಹುಡುಗಿ ಬರೆದಿಟ್ಟ ಮಾನದಂಡ ನಮ್ಮ ಹತ್ತಿರ ಇದೆ. ಹೆಸರು ಮುಕ್ತಾ ಸಾಳ್ವೆ. ಮಾಂಗ್ ಜಾತಿಯವಳು. ನಮ್ಮ ಕಡೆಯ ಮಾದಿಗರ ಹಾಗೆ ಅಸ್ಪೃಶ್ಯರಲ್ಲೂ ಕೆಳಗೆ ತಳ್ಳಿಸಿಕೊಂಡ ಜಾತಿ ಅದು. ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ನಡೆಸುತ್ತಿದ್ದ ಶಾಲೆಯಲ್ಲಿ ಅಕ್ಷರ ಕಲಿತು, ಮಾಂಗ್ ಮತ್ತು ಮಹಾರರ ದುಃಖದ ಬಗ್ಗೆ ಒಂದು ಪ್ರಬಂಧ ಬರೆದಳು. 1855ರಲ್ಲಿ 'ಜ್ಞಾನೋದಯ' ಎಂಬ ಮರಾಠಿ ಪತ್ರಿಕೆ ಅದನ್ನು ಅಚ್ಚು ಹಾಕಿತು. ಪತ್ರಿಕೆ ಅಮೆರಿಕದ ಮಿಷನರಿಗಳದು. ದಲಿತ ಹೆಣ್ಣೊಬ್ಬಳ ಬರಹ ಅಚ್ಚಾದ ಮೊದಲ ನಿದರ್ಶನಗಳಲ್ಲಿ ಇದು ಒಂದು.

ಈ ಪ್ರಬಂಧ ಏನು ಮಾಡುತ್ತದೆ ನೋಡಿ. ಮೊದಲಿಗೇ ಧರ್ಮದ ಕುತ್ತಿಗೆಗೆ ಕೈ ಹಾಕುತ್ತದೆ. ವೇದ ತಮ್ಮದೊಬ್ಬರದೇ ಸೊತ್ತು ಅಂತ ಬ್ರಾಹ್ಮಣರು ಹೇಳುತ್ತಾರೆ. ಹಂಗಾದ್ರೆ ನಮಗೆ ಧರ್ಮಗ್ರಂಥವೇ ಇಲ್ಲ, ಧರ್ಮವೇ ಇಲ್ಲ ಅಂತಾಯ್ತಲ್ಲ ಎಂದು ತರ್ಕ ಹೂಡುತ್ತಾಳೆ. ಒಬ್ಬನಿಗೆ ಎಲ್ಲವನ್ನೂ ಕೊಟ್ಟು ಉಳಿದವರಿಗೆ ಏನೂ ಕೊಡದ ಧರ್ಮ ನೆಲದ ಮೇಲಿಂದ ಅಳಿದುಹೋಗಲಿ ಎಂಬಲ್ಲಿಗೆ ಮುಟ್ಟುತ್ತಾಳೆ. ಆಮೇಲೆ ಇತಿಹಾಸಕ್ಕೆ ಬರುತ್ತಾಳೆ. ದೊಡ್ಡ ಮನೆಗಳ ಅಡಿಪಾಯದಲ್ಲಿ ತನ್ನವರಿಗೆ ಸಿಂಧೂರ ಕಲಸಿದ ಎಣ್ಣೆ ಕುಡಿಸಿ ಹೂತದ್ದನ್ನು, ಬಾಜೀರಾಯನ ಕಾಲದಲ್ಲಿ ಗರಡಿಮನೆಯ ಮುಂದೆ ಹಾದುಹೋದವನ ತಲೆ ಕಡಿದು ಚೆಂಡಾಡಿದ್ದನ್ನು ಬರೆಯುತ್ತಾಳೆ. ಆಮೇಲೆ ಹೆಣ್ಣಿನ ಮೈಗೆ ಬರುತ್ತಾಳೆ: ತಲೆಯ ಮೇಲೆ ಸೂರಿಲ್ಲದೆ, ಮಳೆ-ಚಳಿಯಲ್ಲಿ ಹೆರುವ ತನ್ನ ಜಾತಿಯ ಹೆಂಗಸರ ನೋವು. ಮೇಲ್ಜಾತಿಯ ಹುಡುಗರು ಕಲ್ಲು ಬೀರಿ ರಕ್ತ ಬಂದರೂ, ನಾಳೆ ತಂಗಳಿಗೆ ಅದೇ ಮನೆಯ ಬಾಗಿಲಿಗೆ ಹೋಗಬೇಕಲ್ಲ ಅಂತ ದೂರು ಕೊಡದೆ ಸುಮ್ಮನಾಗುವ ಮಕ್ಕಳ ಸಂಗತಿ. ಹಸಿವಿಗೂ ಮೌನಕ್ಕೂ ಇರುವ ನಂಟನ್ನು ಇಷ್ಟು ನೇರವಾಗಿ ಹಿಡಿದ ಬರಹ ನಮ್ಮ ದೊಡ್ಡ ದೊಡ್ಡ ಸಾಹಿತಿಗಳಲ್ಲೂ ಅಪರೂಪ.

ಇನ್ನೊಂದು ಮಾತನ್ನು ಅವಳು ಮುಚ್ಚಿಡುವುದಿಲ್ಲ. ಮಹಾರರೂ ಬ್ರಾಹ್ಮಣರ ಗುಣ ಹಿಡಿದು ಮಾಂಗರನ್ನು ಕೀಳಾಗಿ ಕಾಣುತ್ತಾರೆ ಎನ್ನುತ್ತಾಳೆ. ಅಂದರೆ ತನ್ನ ಪಕ್ಕದಲ್ಲೇ ಕೂತು ತುಳಿಸಿಕೊಂಡವನು ತನ್ನನ್ನು ತುಳಿಯುವುದೂ ಅವಳ ಲೆಕ್ಕದಲ್ಲಿದೆ. ಹಾಗಂತ ಇಬ್ಬರ ದುಃಖವನ್ನು ಬೇರೆ ಮಾಡಿಲ್ಲ, ಶೀರ್ಷಿಕೆಯಲ್ಲೇ ಇಬ್ಬರನ್ನೂ ಸೇರಿಸಿದ್ದಾಳೆ. ಹೊಲೆಯ-ಮಾದಿಗ ಎಂಬ ಗೆರೆ ಇನ್ನೂ ಅಳಿಸದ ನಮ್ಮ ಕೇರಿಗಳಲ್ಲಿ, ನಮ್ಮ ಸಂಘಟನೆಗಳಲ್ಲಿ ಈ ಪ್ರಾಮಾಣಿಕತೆ ಇವತ್ತಿಗೂ ಬೇಕು.

ಪ್ರಬಂಧಕ್ಕೆ ಮಿತಿಯೂ ಇದೆ. ಇಂಗ್ಲಿಷರ ಆಳ್ವಿಕೆ ಬಂದು ಈ ಕ್ರೌರ್ಯ ನಿಂತಿತು ಎಂದು ಅವಳು ಹೊಗಳುತ್ತಾಳೆ. ಅದೇ ಸರ್ಕಾರ ಕಂದಾಯ ವಸೂಲಿಯಲ್ಲಿ ರೈತನ ಬೆನ್ನು ಮುರಿಯುತ್ತಿತ್ತು. ಇದನ್ನು ಮುಂದೆ ಜೋತಿಬಾ ಅವರೇ ವಿವರವಾಗಿ ಬರೆದರು. ಆದರೆ ಮುಕ್ತಾಳ ಹೊಗಳಿಕೆಯನ್ನು ಹಿಡಿದು ಅವಳನ್ನು ದೇಶದ್ರೋಹಿ ಅನ್ನುವವರಿಗೆ ನಮ್ಮ ಪ್ರಶ್ನೆ ಒಂದೇ: ಅವಳ ಕೈಗೆ ಸ್ಲೇಟು ಕೊಡಲು ನಿಮ್ಮ ದೇಶ ಆವತ್ತು ಎಲ್ಲಿ ಹೋಗಿತ್ತು?

ಈಗ ಈ ಪ್ರಬಂಧವನ್ನು ಸಬಲೀಕರಣದ ಪುಸ್ತಿಕೆಯ ಪಕ್ಕದಲ್ಲಿಟ್ಟು ಓದಿ. ಪುಸ್ತಿಕೆಯ ಹುಡುಗಿ 'ನಾನು ಗೆದ್ದೆ' ಅನ್ನುತ್ತಾಳೆ. ಮುಕ್ತಾ 'ನಾವು' ಅನ್ನುತ್ತಾಳೆ. ಪುಸ್ತಿಕೆ ಕೃತಜ್ಞತೆ ಕೇಳುತ್ತದೆ. ಮುಕ್ತಾ ಲೆಕ್ಕ ಕೇಳುತ್ತಾಳೆ. ಪುಸ್ತಿಕೆಯಲ್ಲಿ ವಿದ್ಯೆ ಅಂದರೆ ಕೇರಿ ಬಿಟ್ಟು ಹೋಗುವ ಬಸ್ಸು. ಮುಕ್ತಾಳಿಗೆ ವಿದ್ಯೆ ಕೇರಿಗೆ ಕೊಡಬೇಕಾದ ಮದ್ದು. ತನ್ನವರಿಗೆಲ್ಲ ಓದಿ ಅಂತ ಕರೆಕೊಟ್ಟೇ ಅವಳು ಮುಗಿಸುತ್ತಾಳೆ. ಒಂದು ಸಂಸ್ಥೆ ಹುಡುಗಿಗೆ ನಿಜವಾಗಿ ಬಲ ಕೊಟ್ಟಿದೆಯೋ ಇಲ್ಲವೋ ಎಂಬುದಕ್ಕೆ ಇದೇ ಪರೀಕ್ಷೆ. ಅಲ್ಲಿ ಕಲಿತ ಹುಡುಗಿ ಪ್ರಶ್ನೆ ಕೇಳುತ್ತಾಳೋ, ಥ್ಯಾಂಕ್ಸ್ ಮಾತ್ರ ಹೇಳುತ್ತಾಳೋ?

ಮುಕ್ತಾ ಆಕಾಶದಿಂದ ಇಳಿದವಳಲ್ಲ. ಅವಳ ಹಿಂದೆ ಒಂದು ಶಾಲೆ ಇತ್ತು, ಶಾಲೆಯ ಹಿಂದೆ ಸಾವಿತ್ರಿಬಾಯಿ ಇದ್ದರು. 1831ರಲ್ಲಿ ಸಾತಾರಾ ಸೀಮೆಯ ನಾಯಗಾಂವ್‌ನಲ್ಲಿ ಹುಟ್ಟಿದ ಮಾಲಿ ಜಾತಿಯ ಹೆಣ್ಣು. ಬಾಲ್ಯದಲ್ಲೇ ಮದುವೆ. ಅಕ್ಷರ ಕಲಿತದ್ದು ಮದುವೆಯಾದ ಮೇಲೆ. 1848ರಲ್ಲಿ ಪುಣೆಯ ಭಿಡೆವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾದಾಗ ಅವರಿಗೆ ಇನ್ನೂ ಹದಿನೇಳು. ದಾರಿಯಲ್ಲಿ ಸಗಣಿ-ಕಲ್ಲು ಎಸೆದರು. 1849ರಲ್ಲಿ ಗಂಡಹೆಂಡಿರಿಬ್ಬರೂ ಮನೆಯಿಂದಲೇ ಹೊರಬಿದ್ದರು. ಬಸುರಾದ ವಿಧವೆಯರನ್ನು ಸಮಾಜ ಬಾವಿಗೆ ತಳ್ಳುತ್ತಿದ್ದಾಗ 1863ರಲ್ಲಿ ಅವರಿಗೆ ಹೆರಿಗೆಯ ಆಶ್ರಯ ಕೊಟ್ಟರು. 1897ರ ಪ್ಲೇಗಿನಲ್ಲಿ ರೋಗಿಗಳನ್ನು ಹೊತ್ತು ಸಾಗಿಸುತ್ತಲೇ ತೀರಿಕೊಂಡರು. ಇವರನ್ನು 'ದಾನಿ' ಅಂತ ಯಾರಾದರೂ ಅನ್ನಲಿಕ್ಕಾಗುತ್ತದೆಯೆ? ಕೊಟ್ಟವರೂ ಪಡೆದವರೂ ಒಂದೇ ಬೀದಿಯಲ್ಲಿ ಕಲ್ಲೇಟು ತಿಂದರು. ಆ ಸಂಬಂಧ ಇದ್ದದ್ದರಿಂದಲೇ ಅವರ ಶಾಲೆಯ ಹುಡುಗಿ ಹಲ್ಲುಕಿಸಿಯದೆ ಬರೆದಳು.

ಇಲ್ಲಿ ನಮ್ಮ ಗೆಳೆಯರಲ್ಲೇ ಕೆಲವರು ಒಂದು ತಕರಾರು ತೆಗೆಯುತ್ತಾರೆ. ಸ್ವಯಂಸೇವಾ ಸಂಸ್ಥೆಗಳೆಲ್ಲ ಬಂಡವಾಳಶಾಹಿಯ ಏಜೆಂಟರು, ಹೋರಾಟದ ಕಾವು ಆರಿಸೋಕೆ ಬಂದವರು, ಅವರ ಸಹವಾಸವೇ ಬೇಡ ಅಂತಾರೆ. ಈ ಅನುಮಾನಕ್ಕೆ ಕಾರಣ ಇಲ್ಲದೆ ಇಲ್ಲ. ಆದರೆ ಫುಲೆಯವರ ಶಾಲೆಗಳಿಗೂ ಕೆಲವು ಕಾಲ ಸರ್ಕಾರದ ದಕ್ಷಿಣಾ ನಿಧಿಯಿಂದ ನೆರವು ಬಂತು. ಬ್ರಾಹ್ಮಣರಿಗೆ ಹಂಚಲಿಕ್ಕೆ ಪೇಶ್ವೆಗಳ ಕಾಲದಿಂದ ಇದ್ದ ಹಣ ಅದು. ಮುಕ್ತಾಳ ಪ್ರಬಂಧ ಅಚ್ಚಾದದ್ದು ಮಿಷನರಿ ಪತ್ರಿಕೆಯಲ್ಲಿ. ಹಣದ ಮೂಲ ನೋಡಿ ಮಾತ್ರ ತೀರ್ಪು ಕೊಟ್ಟರೆ ಇವೆರಡನ್ನೂ ಕಸದ ಬುಟ್ಟಿಗೆ ಹಾಕಬೇಕಾಗುತ್ತದೆ. ಕಾಸು ಯಾರ ಜೇಬಿನಿಂದ ಬಂತು ಎಂಬುದು ಒಂದು ಪ್ರಶ್ನೆ. ಪೆನ್ನು ಯಾರ ಕೈಯಲ್ಲಿದೆ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ.

ನಮ್ಮ ನಾಡಿನಲ್ಲೇ ಇದಕ್ಕೆ ಸಾಕ್ಷಿ ಇದೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ಮಹಿಳಾ ಸಮಾಖ್ಯಾ ಬಂತು. ಶುರುವಾದ ಮೂರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಬೀದರ, ಬಿಜಾಪುರ, ಮೈಸೂರು ಜಿಲ್ಲೆಗಳಲ್ಲಿ ಮೊದಲ ಕೆಲಸ. ಹಣ ಆಗ ಬಂದದ್ದು ನೆದರ್ಲೆಂಡ್ಸ್ ಸರ್ಕಾರದಿಂದ. ಆದರೆ ಅದರ ತಿರುಳು ಬೇರೆ ಇತ್ತು: ಮೇಲಿನಿಂದ ಗುರಿ ಹೇರಬಾರದು, ಏನು ಕಲಿಯಬೇಕು, ಯಾವಾಗ ಕಲಿಯಬೇಕು ಎಂಬುದನ್ನು ಸಂಘದ ಹೆಂಗಸರೇ ತೀರ್ಮಾನಿಸಬೇಕು. ಸಂಘಕ್ಕೆ ಬಂದವರಲ್ಲಿ ಹೆಚ್ಚಿನವರು ಕೂಲಿಯವರು, ದಲಿತರು. ಇಷ್ಟು ಸಾಲ ಕೊಟ್ಟೆವು, ಇಷ್ಟು ಹೊಲಿಗೆ ಯಂತ್ರ ಹಂಚಿದೆವು ಅಂತ ಪಟ್ಟಿ ಬರೆಯಲಾಗದ ಕೆಲಸ ಅದು. ಪಟ್ಟಿ ಬರೆಯಲಾಗದ ಕೆಲಸಕ್ಕೆ ಅಧಿಕಾರಶಾಹಿ ಎಷ್ಟು ದಿನ ಕಾಸು ಕೊಟ್ಟೀತು? 2016ರ ಹೊತ್ತಿಗೆ ಕೇಂದ್ರದ ಹಣ ನಿಂತಿತು. ಇದನ್ನು ಜೀವನೋಪಾಯ ಮಿಷನ್ನಿನಲ್ಲಿ ಕರಗಿಸಿಬಿಡುವ ಮಾತು ಬಂತು. ಪ್ರಶ್ನೆ ಕೇಳುವ ಹೆಣ್ಣನ್ನು ಸಾಲದ ಕಂತು ಕಟ್ಟುವ ಹೆಣ್ಣಾಗಿ ಮಾಡುವುದೂ ಸಬಲೀಕರಣವೇ ಇವರ ಪ್ರಕಾರ.

ಇನ್ನೊಂದು ಸಾಕ್ಷಿ ಬೆಳಗಾವಿ ಜಿಲ್ಲೆಯ ಘಟಪ್ರಭಾದಲ್ಲಿದೆ. ದೇವದಾಸಿಯಾಗಿದ್ದ ಹೆಂಗಸರೇ ಕಟ್ಟಿಕೊಂಡ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಅದು. ಮುತ್ತು ಕಟ್ಟುವುದನ್ನು 1982ರ ಕಾಯ್ದೆ ನಿಷೇಧಿಸಿತು. ಆದರೆ ಕಾಯ್ದೆ ಬೆಂಗಳೂರಿನಲ್ಲಿ ಆಗುತ್ತದೆ, ಮುತ್ತು ರಾತ್ರೋರಾತ್ರಿ ಊರಲ್ಲಿ ಕಟ್ಟುತ್ತಾರೆ. ಯಾವ ಮನೆಯಲ್ಲಿ ಯಾವ ಹುಡುಗಿಗೆ ಕಟ್ಟುತ್ತಾರೆ ಎಂಬುದು ಪೊಲೀಸಿನವನಿಗೆ ಗೊತ್ತಾಗುವುದಕ್ಕಿಂತ ಮೊದಲು ಗೊತ್ತಾಗುವುದು ಕಟ್ಟಿಸಿಕೊಂಡವಳಿಗೆ. ಆ ತಿಳುವಳಿಕೆ ಯಾವ ವಿಶ್ವವಿದ್ಯಾಲಯದಲ್ಲೂ ಸಿಗುವುದಿಲ್ಲ. ಈ ಸಂಸ್ಥೆಯನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಅವರಿಗೆ ಏಳನೇ ವಯಸ್ಸಿನಲ್ಲಿ ಮುತ್ತು ಕಟ್ಟಿದ್ದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪ್ರಶಸ್ತಿ ಬಂದಾಗ ಬರೆದವರು ಬಹಳ ಮಂದಿ 'ಕೆಸರಲ್ಲಿ ಅರಳಿದ ಕಮಲ' ಅನ್ನುವ ಧಾಟಿ ಹಿಡಿಯುತ್ತಾರೆ. ಕೆಸರು ಮಾಡಿದವರು ಯಾರು ಸ್ವಾಮಿ? ಮುತ್ತು ಕಟ್ಟಿದ್ದು ಹೆಚ್ಚಾಗಿ ದಲಿತ ಹೆಣ್ಣುಮಕ್ಕಳಿಗೇ ಯಾಕೆ? ಅವರ ಮನೆಗೆ ರಾತ್ರಿ ಬಂದ ಗೌಡರ ಹೆಸರು ಮಗುವಿನ ಶಾಲೆಯ ಅರ್ಜಿಯಲ್ಲಿ 'ತಂದೆ' ಎಂಬ ಜಾಗಕ್ಕೆ ಯಾಕೆ ಬರಲಿಲ್ಲ? ಕಮಲವನ್ನು ಹೊಗಳಿ ಕೆಸರನ್ನು ಮರೆಸುವುದೇ ಈ ಸಾಹಿತ್ಯದ ಹಳೆಯ ಚಾಳಿ.

ಇಂಥ ಸಂಸ್ಥೆಗಳಿಗೆ ಹಣ ಹೋಗುವ ದಾರಿ ಹೇಗಿದೆ? 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಆ ಹಣ ಬೇಕಾದರೆ ನೋಂದಣಿ, ತೆರಿಗೆ ಇಲಾಖೆಯ ಪತ್ರಗಳು, ಆಡಿಟ್ಟು, ಇಂಗ್ಲಿಷಿನಲ್ಲಿ ಪ್ರಸ್ತಾವನೆ ಎಲ್ಲ ಬೇಕು. ಇಂಗ್ಲಿಷ್ ಬಲ್ಲ ನಗರದ ಸಂಸ್ಥೆಗೆ ಅದು ಸಲೀಸು. ಕೇರಿಯ ಹೆಂಗಸರ ಸಂಘಕ್ಕೆ ಅದೇ ಅಗ್ರಹಾರದ ಬಾಗಿಲು. ವಿದೇಶಿ ವಂತಿಗೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ತಂದು, ದೊಡ್ಡ ಸಂಸ್ಥೆ ತಾನು ಪಡೆದ ವಿದೇಶಿ ಹಣವನ್ನು ಸಣ್ಣ ಸಂಸ್ಥೆಗೆ ಹಂಚುವುದನ್ನೇ ನಿಲ್ಲಿಸಿದರು. ಆಡಳಿತದ ಖರ್ಚಿನ ಮಿತಿಯನ್ನು ಶೇಕಡಾ 50ರಿಂದ 20ಕ್ಕೆ ಇಳಿಸಿದರು. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಹಳ್ಳಿಯ ಕೆಲಸದಲ್ಲಿ ಕಚೇರಿಯ ಬಾಡಿಗೆ, ಲೆಕ್ಕ ಬರೆಯುವವಳ ಸಂಬಳ ಇಲ್ಲದೆ ಸಂಸ್ಥೆ ನಿಲ್ಲುವುದು ಹೇಗೆ? ಹುಡುಗಿಗೆ ಬ್ಯಾಗು ಕೊಡಲು ಹಣ ಇದೆ, ಅವಳ ಬಾಲ್ಯವಿವಾಹ ತಡೆಯಲು ರಾತ್ರಿ ಓಡಾಡುವ ಕಾರ್ಯಕರ್ತೆಗೆ ಸಂಬಳ ಇಲ್ಲ. ಬ್ಯಾಗಿನ ಫೋಟೋ ತೆಗೆಯಬಹುದು, ತಡೆದ ಮದುವೆಯ ಫೋಟೋ ತೆಗೆಯಲಾಗುವುದಿಲ್ಲವಲ್ಲ!

ದಾನದ ಮಾತಿನಲ್ಲಿ ಹಕ್ಕಿನ ಮಾತು ಮುಳುಗಬಾರದು. 2009ರ ಶಿಕ್ಷಣ ಹಕ್ಕು ಕಾಯ್ದೆ ಹದಿನಾಲ್ಕು ವರ್ಷದವರೆಗೆ ಉಚಿತ ಶಿಕ್ಷಣವನ್ನು ಹಕ್ಕು ಅಂತ ಒಪ್ಪಿಕೊಂಡಿದೆ. ನಮ್ಮ ಹುಡುಗಿಯರು ಶಾಲೆ ಬಿಡುವುದು ಹೆಚ್ಚಾಗಿ ಅದರ ಆಚೆಗೆ, ಹೈಸ್ಕೂಲಿನ ಹೊಸಿಲಲ್ಲಿ. ಅಲ್ಲಿ ಬೇಕಾದದ್ದು ಹಾಸ್ಟೆಲ್ಲು, ಬಸ್ಸು, ಶೌಚಾಲಯ, ಮೇಡಮ್ಮು. ಇವು ಯಾವ ಕಂಪನಿಯ ಭಿಕ್ಷೆಯೂ ಅಲ್ಲ, ಸರ್ಕಾರ ಕೊಡಲೇಬೇಕಾದ ಬಾಕಿ. ಒಳ್ಳೆಯ ಸಂಸ್ಥೆ ಆ ಬಾಕಿ ವಸೂಲಿ ಮಾಡಲು ಹುಡುಗಿಯರಿಗೆ ಕಲಿಸುತ್ತದೆ. ಕೆಟ್ಟ ಸಂಸ್ಥೆ ಬಾಕಿಯನ್ನು ಮುಚ್ಚಿ ತನ್ನ ಬೋರ್ಡು ಹಾಕುತ್ತದೆ.

ಗೆಳೆಯರೇ, ಬೆಂಬಲ ಕೊಡಬೇಡಿ ಅಂತ ನಾವು ಹೇಳುತ್ತಿಲ್ಲ, ನೋಡಿ ಕೊಡಿ ಅನ್ನುತ್ತಿದ್ದೇವೆ. ನಿಮ್ಮ ತಾಲ್ಲೂಕಿನ ಸಂಸ್ಥೆಗೆ ಹೋಗಿ ಕೇಳಿ: ತೀರ್ಮಾನದ ಸಭೆಯಲ್ಲಿ ಕೇರಿಯ ಹೆಂಗಸರು ಎಷ್ಟು ಮಂದಿ ಕೂರುತ್ತಾರೆ? ಲೆಕ್ಕವನ್ನು ಕನ್ನಡದಲ್ಲಿ ಊರ ಮುಂದೆ ಓದುತ್ತೀರಾ? ಇಲ್ಲಿ ಕಲಿತ ಹುಡುಗಿ ಇಲ್ಲೇ ನಾಯಕಿಯಾಗಬಹುದಾ, ಕೊನೆತನಕ 'ಫಲಾನುಭವಿ'ಯೇ ಆಗಿರಬೇಕಾ? ಸರಿಯಾದ ಉತ್ತರ ಬಂದಲ್ಲಿ ಹತ್ತು ರೂಪಾಯಿಯಾದರೂ ಕೊಡಿ, ಅರ್ಜಿ ಬರೆದುಕೊಡಿ, ತಹಸೀಲ್ದಾರರ ಕಚೇರಿಗೆ ಜೊತೆಯಲ್ಲಿ ನಡೆಯಿರಿ. ಮೇಷ್ಟ್ರುಗಳಿಗೆ ಇನ್ನೊಂದು ಮಾತು. ನಿಮ್ಮ ತರಗತಿಯ ಹುಡುಗಿಯರಿಗೆ ನಮ್ಮ ಕೇರಿಯ ದುಃಖ ಅಂತ ಒಂದು ಪ್ರಬಂಧ ಬರೆಯಲು ಹೇಳಿ. ತಿದ್ದುವಾಗ ಕಾಗುಣಿತ ತಿದ್ದಿ, ಸಿಟ್ಟನ್ನು ತಿದ್ದಬೇಡಿ. ಬರೆದದ್ದನ್ನು ಅಚ್ಚು ಹಾಕುವ ಕೆಲಸ ನಮ್ಮ ಪತ್ರಿಕೆಗಳದು.