ಹಿಮಚಿರತೆಯ ಎರಡು ಬಗೆಯ ಚಿತ್ರಗಳು

ಛಾಯಾಚಿತ್ರವನ್ನು ವಿಮರ್ಶಿಸುವಾಗ ಬೆಳಕು ಹೇಗಿದೆ, ಚೌಕಟ್ಟು ಹೇಗಿದೆ, ತಕ್ಕ ಕ್ಷಣ ಸಿಕ್ಕಿದೆಯೇ ಎಂದು ನೋಡುವುದು ವಾಡಿಕೆ. ಆದರೆ ಚಿತ್ರ ಮೂಡುವ ಹೊತ್ತಿನಲ್ಲಿ ಕ್ಯಾಮರಾದ ಹಿಂದೆ ಯಾರೂ ಇಲ್ಲದಿದ್ದರೆ? ಮೃಗವೇ ಬಂದು ತನ್ನ ಚಿತ್ರವನ್ನು ತಾನೇ ತೆಗೆದುಕೊಂಡರೆ? ಹಿಮಾಲಯದ ಹಿಮಚಿರತೆಯ ಚಿತ್ರಗಳಲ್ಲಿ ಹಲವು ಈ ಬಗೆಯವು. ಇವುಗಳ ಬೆಲೆ ಕಟ್ಟುವಾಗ ನಾವು ಬರೀ ಅಂದಕ್ಕೆ ಮಾರುಹೋಗುತ್ತಿದ್ದೇವೆಂಬುದು ನಮ್ಮ ಆಕ್ಷೇಪ.

ಅಮೆರಿಕದ ಸ್ಟೀವ್ ವಿಂಟರ್ ಲಡಾಖಿನ ಹೆಮಿಸ್ ಪ್ರದೇಶದಲ್ಲಿ ತೆಗೆದ ಚಿತ್ರವನ್ನು ಮೊದಲು ನೋಡೋಣ. ಕಗ್ಗತ್ತಲು, ಸುರಿಯುತ್ತಿರುವ ಹಿಮ, ಅದರ ನಡುವೆ ನಡೆದು ಬರುತ್ತಿರುವ ಒಂಟಿ ಚಿರತೆ. ಇದಕ್ಕೆ 2008ರಲ್ಲಿ ಲಂಡನ್ನಿನಲ್ಲಿ ವರ್ಷದ ವನ್ಯಜೀವಿ ಛಾಯಾಗ್ರಾಹಕನೆಂಬ ಪ್ರಶಸ್ತಿ ಬಂದಿತು. ಹದಿನಾಲ್ಕು ಕ್ಯಾಮರಾಗಳನ್ನು ಬೆಟ್ಟದ ದಾರಿಗಳಲ್ಲಿ ಹೂಡಿ ತಿಂಗಳುಗಟ್ಟಲೆ ಕಾದದ್ದರ ಫಲ ಅದು. ಮನುಷ್ಯನ ಸುಳಿವಿಲ್ಲದ ಕಾರಣ ಚಿರತೆ ತನ್ನ ಪಾಡಿಗೆ ತಾನು ನಡೆದಿದೆ. ಅದೇ ಚಿತ್ರದ ದೊಡ್ಡ ಗುಣ. ಬೆಳಕಿನ ಏರ್ಪಾಡನ್ನೂ ಮೆಚ್ಚಲೇಬೇಕು. ಕೊರತೆಯೆಂದರೆ, ಆ ಬೆಟ್ಟದಲ್ಲಿ ಚಿರತೆಯೊಂದೇ ಇದೆಯೆಂಬ ಭಾವನೆ ಹುಟ್ಟುತ್ತದೆ. ಕುರಿ ದೊಡ್ಡಿಯಿಲ್ಲ, ಕುರುಬನಿಲ್ಲ, ಕ್ಯಾಮರಾ ಹೊತ್ತು ಹತ್ತಿದವರ ಹೆಜ್ಜೆಯೂ ಇಲ್ಲ.

ಎರಡನೆಯ ಬಗೆಯ ಚಿತ್ರಗಳು ಗಣತಿಯವು. ಇವುಗಳಿಗೆ ಯಾರೂ ಬಹುಮಾನ ಕೊಡಲಾರರು. ಒಂದರಲ್ಲಿ ಬರೀ ಬಾಲ. ಇನ್ನೊಂದರಲ್ಲಿ ಅರ್ಧ ಭುಜ. ಮತ್ತೊಂದರಲ್ಲಿ ಬಿಸಿಲಿಗೆ ಕಾದ ಹುಲ್ಲು ಅಲ್ಲಾಡಿದ್ದಕ್ಕೇ ಮೋಸಹೋಗಿ ಕ್ಯಾಮರಾ ತೆಗೆದ ಖಾಲಿ ಬಂಡೆ. ಅಂಚಿನಲ್ಲಿ ತಾರೀಖು ಮತ್ತು ವೇಳೆ. ಕಡತಗಳ ನಡುವೆ ಬದುಕುವ ನಮ್ಮಂಥ ಗುಮಾಸ್ತರಿಗೆ ಆ ತಾರೀಖಿನ ಬೆಲೆ ಬೇಗ ತಿಳಿಯುತ್ತದೆ. ಮೈಮೇಲಿನ ಮಚ್ಚೆಗಳ ವಿನ್ಯಾಸ ಒಂದರಂತೆ ಇನ್ನೊಂದಕ್ಕೆ ಇರುವುದಿಲ್ಲ. ನಮ್ಮ ಹೆಬ್ಬೆಟ್ಟಿನ ಗುರುತಿದ್ದಂತೆ. ಯಾವ ಚಿರತೆ ಎಲ್ಲಿ, ಯಾವಾಗ, ಎಷ್ಟು ಸಲ ಸಿಕ್ಕಿತೆಂಬ ಲೆಕ್ಕದಿಂದ, ಸಿಗದೆ ಉಳಿದವು ಎಷ್ಟಿರಬಹುದೆಂದು ಅಂದಾಜು ಮಾಡುತ್ತಾರೆ. ಈ ಕ್ರಮವನ್ನು ಹುಲಿಯ ಪಟ್ಟೆಗಳಿಗೆ ಮೊದಲು ಅನ್ವಯಿಸಿ ತೋರಿಸಿದವರು ನಮ್ಮ ಉಲ್ಲಾಸ ಕಾರಂತರು, ನಾಗರಹೊಳೆಯಲ್ಲಿ. ಅವರ ಪ್ರಬಂಧ ಪ್ರಕಟವಾದದ್ದು 1995ರಲ್ಲಿ. ನಾಗರಹೊಳೆಯ ಲೆಕ್ಕ ಹಿಮಾಲಯವನ್ನೇರಿತೆಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ.

2019ರಿಂದ 2023ರವರೆಗೆ ನಡೆದ ದೇಶದ ಮೊದಲ ಹಿಮಚಿರತೆ ಗಣತಿಯ ವರದಿ 2024ರ ಜನವರಿಯಲ್ಲಿ ದೆಹಲಿಯಲ್ಲಿ ಬಿಡುಗಡೆಯಾಯಿತು. ದೆಹರಾದೂನಿನ ವನ್ಯಜೀವಿ ಸಂಸ್ಥೆಯೊಡನೆ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಕೂಡ ಇದರಲ್ಲಿ ದುಡಿದಿದೆ. ಎಲ್ಲರ ಬಾಯಲ್ಲಿ ಉಳಿದದ್ದು 718 ಎಂಬ ಒಂದೇ ಅಂಕಿ. ಆದರೆ ಅದು ತಲೆ ಎಣಿಕೆಯಲ್ಲ, ಅಂದಾಜು. ಚಿತ್ರಗಳಲ್ಲಿ ಬೇರೆಬೇರೆಯಾಗಿ ಗುರುತು ಸಿಕ್ಕ ಚಿರತೆಗಳು 241. ಕ್ಯಾಮರಾ ಹೂಡಿದ ಜಾಗಗಳು 1,971. ಅವು ಕಾದ ರಾತ್ರಿಗಳು ಒಟ್ಟು 1,80,000. ಭಾಗಿಸಿ ನೋಡಿದರೆ ಒಂದೊಂದು ಜಾಗಕ್ಕೆ ಸುಮಾರು 90 ರಾತ್ರಿ. ಚಿರತೆಯ ಜಾಡು ಹುಡುಕುತ್ತ ಕ್ರಮಿಸಿದ ಬೆಟ್ಟದ ದಾರಿ 13,450 ಕಿಲೋಮೀಟರು. ದೆಹಲಿಯಿಂದ ಬೆಂಗಳೂರಿಗೆ ಕರ್ನಾಟಕ ಎಕ್ಸ್‌ಪ್ರೆಸ್ ಐದು ಸಲ ಓಡಿದರೂ ಅಷ್ಟು ದೂರವಾಗದು!

ಬೇಸಿಗೆ ರಜೆಯಲ್ಲಿ ಮಕ್ಕಳೊಡನೆ ಮನಾಲಿಗೆ ಹೋಗಿಬಂದು ಹಿಮಾಲಯ ಕಂಡೆವೆನ್ನುತ್ತೇವೆ. ಅಲ್ಲಿಂದ ಮುಂದೆ ಕುಂಜುಮ್ ಕಣಿವೆದಾರಿಯನ್ನು ದಾಟಿದರೆ ಸ್ಪಿತಿ. ಅಲ್ಲಿ ಹದಿನಾಲ್ಕು ಸಾವಿರ ಅಡಿ ಎತ್ತರದಲ್ಲಿ ಕಿಬ್ಬರ್ ಎಂಬ ಹಳ್ಳಿ. ಚಳಿಗಾಲದಲ್ಲಿ ಭರಲ್ ಎಂಬ ಕಾಡುಕುರಿಗಳ ಬೆನ್ನು ಹಿಡಿದು ಚಿರತೆಗಳು ಕೆಳಗಿಳಿಯುತ್ತವೆ. ಬೆದೆಯ ಕಾಲವೂ ಅದೇ ಆದ್ದರಿಂದ ಚಾಚಿದ ಬಂಡೆಗಳ ಅಡಿಯಲ್ಲಿ ವಾಸನೆಯ ಗುರುತು ಬಿಡುತ್ತವೆ. ಕ್ಯಾಮರಾ ಹೂಡಲು ತಕ್ಕ ಜಾಗ ಅದು. ಹಿಮ ಬಿದ್ದು ಕ್ಯಾಮರಾದ ಕಣ್ಣು ಮುಚ್ಚುತ್ತದೆ, ಚಳಿಗೆ ಬ್ಯಾಟರಿ ಸೊರಗುತ್ತದೆ. ಮತ್ತೆ ಹತ್ತಿ ಸರಿಪಡಿಸಬೇಕು. ಹಿಮಾಚಲದ ಮೊದಲ ಗಣತಿಯಲ್ಲಿ ಈ ಕೆಲಸದ ಮುಂದಾಳುಗಳಾದವರು ಕಿಬ್ಬರಿನ ಎಂಟು ಯುವಕರು. 2021ರಲ್ಲಿ ಪ್ರಕಟವಾದ ಅದರ ಅಂದಾಜು 51. ಮುಂದಿನ ಗಣತಿಯಲ್ಲಿ ಅದೇ ಹಳ್ಳಿಯ ಹೆಂಗಸರೂ ಕ್ಯಾಮರಾ ಹೊತ್ತರು. 2025ರಲ್ಲಿ ಹೊರಬಂದ ಅಂಕಿ 83. ಹೆಚ್ಚಿದ್ದೆಲ್ಲವೂ ಹೊಸ ಮರಿಗಳೇ ಎಂದು ತಿಳಿಯಬೇಕಾಗಿಲ್ಲ. ಹುಡುಕುವ ಕೈ ಪಳಗಿದಷ್ಟೂ ಕಾಣುವುದು ಹೆಚ್ಚುತ್ತದೆ.

ಇನ್ನೊಂದು ಮಾತು. ಚಿರತೆ ಹಿಡಿಯುವುದು ಇದೇ ಜನರ ದನಕರುಗಳನ್ನು. ಅದಕ್ಕಾಗಿ ಕಿಬ್ಬರಿನಲ್ಲಿ 2002ರಲ್ಲಿ ಊರವರೇ ನಡೆಸುವ ಜಾನುವಾರು ವಿಮೆ ಆರಂಭವಾಯಿತು. ನಷ್ಟ ಅನುಭವಿಸುವವರೇ ಕ್ಯಾಮರಾ ಕಾಯುತ್ತಾರೆಂಬುದು ತಿಳಿದ ಮೇಲೆ ಆ ಮಸುಕು ಚಿತ್ರದ ಅರ್ಥವೇ ಬೇರೆಯಾಗುತ್ತದೆ.

ವಿಂಟರರ ಚಿತ್ರವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಚಿರತೆಯ ಮೇಲೆ ಜಗತ್ತಿಗೆ ಪ್ರೀತಿ ಹುಟ್ಟಿಸುವ ಕೆಲಸವನ್ನು ಅದು ಮಾಡಿದೆ. ಆದರೆ ಚಿರತೆ ಉಳಿದಿದೆಯೇ, ಎಷ್ಟಿದೆ, ಯಾರ ನಡುವೆ ಬದುಕಿದೆ ಎಂಬುದಕ್ಕೆ ಸಾಕ್ಷಿ ಹೇಳುವುದು ಗಣತಿಯ ಚಿತ್ರ. ಆ ದೃಷ್ಟಿಯಿಂದ ನಮ್ಮ ಮತ ಅದಕ್ಕೇ. ಓದುಗರು ಮನೆಯ ಮಕ್ಕಳಿಗೆ ಎರಡನ್ನೂ ತೋರಿಸಲಿ. ತೋರಿಸುವಾಗ, ಆ ಕ್ಯಾಮರಾವನ್ನು ಅಲ್ಲಿಗೆ ಹೊತ್ತವರು ಯಾರೆಂಬುದನ್ನೂ ಹೇಳಲಿ.